ನೀರಿನಲ್ಲಿ ಹುದುಗಿದ ಸಂಖ್ಯೆ

ತುಂಗೆಯೂ ಭದ್ರೆಯೂ ಕೂಡಲಿಯಲ್ಲಿ ಒಂದಾಗಿ, ತುಂಗಭದ್ರೆ ಎಂಬ ಹೆಸರು ತಳೆದು ಬಯಲುಸೀಮೆಯ ಕಡೆಗೆ ಹರಿದು ಬರುತ್ತವೆ. ಆ ನದಿಯ ಎಡದಂಡೆಯಲ್ಲಿ, ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿಗೆ ಸೇರಿದ ಸಿಂಗಟಾಲೂರು ಎಂಬ ಊರಿದೆ. ವೀರಭದ್ರೇಶ್ವರನ ಕ್ಷೇತ್ರವೆಂದು ಅದು ಸುತ್ತಲಿನ ಸೀಮೆಗೆಲ್ಲ ಪರಿಚಿತವಾದುದು. ಇತ್ತೀಚಿನ ದಶಕಗಳಲ್ಲಿ ಅದರ ಹೆಸರು ಇನ್ನೊಂದು ಕಾರಣದಿಂದಲೂ ಜನರ ನಾಲಗೆಯ ಮೇಲಿದೆ. ಹಮ್ಮಿಗಿಯ ಬಳಿ ನದಿಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿ, ನೀರನ್ನು ಯಂತ್ರಗಳಿಂದ ಮೇಲೆತ್ತಿ ಒಣಭೂಮಿಗೆ ಹರಿಸುವ ಯೋಜನೆಗೆ ಸಿಂಗಟಾಲೂರು ಏತ ನೀರಾವರಿ ಯೋಜನೆ ಎಂದೇ ಹೆಸರು.

ನದಿ ಕಣ್ಣೆದುರಿಗೇ ಹರಿಯುತ್ತಿದ್ದರೂ ಎತ್ತರದ ಹೊಲಕ್ಕೆ ನೀರು ತಾನಾಗಿ ಏರಲಾರದು. ಆದುದರಿಂದ ಆ ಭಾಗದ ರೈತನಿಗೆ ಮಳೆಯ ಮಾತು ಎಷ್ಟು ಸಹಜವೋ ನೀರಿನ ಲೆಕ್ಕದ ಮಾತೂ ಅಷ್ಟೇ ಸಹಜ. ಜಲಾಶಯಕ್ಕೆ ಎಷ್ಟು ನೀರು ಬಂದಿತು, ಯಾವ ರಾಜ್ಯದ ಪಾಲಿಗೆ ಎಷ್ಟು, ಯಾವ ಕಾಲುವೆಗೆ ಎಷ್ಟು ಎಂಬ ಸುದ್ದಿಗಳೆಲ್ಲ ‘ಟಿಎಂಸಿ’ ಎಂಬ ಮೂರಕ್ಷರದ ಮಾತಿನಲ್ಲಿಯೇ ಬರುತ್ತವೆ. ಆ ಮಾತನ್ನು ಎಲ್ಲರೂ ಆಡುತ್ತಾರೆ. ಅದರ ಒಳಗೆ ಏನಿದೆ ಎಂದು ಇಣುಕಿ ನೋಡುವವರು ವಿರಳ.

ಆ ಸೀಮೆಯ ಒಂದು ಮನೆಯಲ್ಲಿ ಹೀಗೆ ಇಣುಕಿ ನೋಡುವ ಪ್ರಸಂಗವೊಂದು ಒದಗಿತೆಂದು ಭಾವಿಸೋಣ. ಸಂಜೆಯ ಹೊತ್ತು. ಒಂಬತ್ತನೆಯ ತರಗತಿಯಲ್ಲಿ ಓದುವ ಹುಡುಗಿ ಅಜ್ಜನಿಗೆ ಪತ್ರಿಕೆ ಓದಿ ಹೇಳುತ್ತಿದ್ದಾಳೆ. ನದಿಗೆ ಬಂದ ನೀರಿನ ವಿವರ ಮುಗಿಯುತ್ತಲೇ ಅಜ್ಜ ತಡೆದು ಕೇಳುತ್ತಾನೆ:

“ಯವ್ವಾ, ದಿನಾ ಟಿಎಂಸಿ, ಟಿಎಂಸಿ ಅಂತ ಬರೀತಾರಲ್ಲ, ಒಂದು ಟಿಎಂಸಿ ಅಂದ್ರ ನಮ್ಮ ಕೊಡದಾಗ ಎಷ್ಟು ಕೊಡ ಆಗ್ತಾವು?”

ಹುಡುಗಿ ನಗಲಿಲ್ಲ. ಪ್ರಶ್ನೆ ಸಣ್ಣದಲ್ಲವೆಂದು ಅವಳಿಗೆ ತಿಳಿಯಿತು. ಬಾವಿಯಿಂದ ಮನೆಗೆ ಕೊಡದಲ್ಲಿ ನೀರು ಹೊತ್ತವರಿಗೆ ಕೊಡವೇ ನಿಜವಾದ ಅಳತೆ. ಮನೆಯಲ್ಲಿ ಎರಡು ಕೊಡಗಳಿದ್ದವು. ಹಿತ್ತಾಳೆಯ ದೊಡ್ಡ ಕೊಡ 16 ಲೀಟರು ಹಿಡಿಯುತ್ತಿತ್ತು. ಪ್ಲಾಸ್ಟಿಕ್ಕಿನ ಕೊಡ 15 ಲೀಟರು. ಅವಳು ನೋಟುಪುಸ್ತಕ ತೆರೆದು ಲೆಕ್ಕಕ್ಕೆ ಕುಳಿತಳು.

ಒಂದು ಟಿಎಂಸಿ ಎಂದರೆ ಸಾವಿರ ಮಿಲಿಯನ್ ಘನ ಅಡಿ. ನಮ್ಮ ಎಣಿಕೆಯಲ್ಲಿ ನೂರು ಕೋಟಿ ಘನ ಅಡಿ. ಸಾವಿರ ಅಡಿ ಉದ್ದ, ಸಾವಿರ ಅಡಿ ಅಗಲ, ಸಾವಿರ ಅಡಿ ಎತ್ತರದ ಒಂದು ತೊಟ್ಟಿಯನ್ನು ಕಲ್ಪಿಸಿಕೊಂಡರೆ ಅದು ಹಿಡಿಯುವ ನೀರೇ ಒಂದು ಟಿಎಂಸಿ. ಒಂದು ಅಡಿಗೆ 30.48 ಸೆಂಟಿಮೀಟರು. ಆದ್ದರಿಂದ ಸಾವಿರ ಅಡಿಗೆ 30480 ಸೆಂಟಿಮೀಟರು, ಅಂದರೆ 3048 ಡೆಸಿಮೀಟರು. ಉದ್ದ, ಅಗಲ, ಎತ್ತರ ಒಂದೊಂದು ಡೆಸಿಮೀಟರು ಇರುವ ಪೆಟ್ಟಿಗೆಯಲ್ಲಿ ಸರಿಯಾಗಿ ಒಂದು ಲೀಟರು ನೀರು ಹಿಡಿಯುತ್ತದೆ. ಹಾಗಾದರೆ ಒಂದು ಟಿಎಂಸಿಯಲ್ಲಿರುವ ಲೀಟರುಗಳ ಸಂಖ್ಯೆ 3048 × 3048 × 3048. ಗುಣಿಸಿ ನೋಡಿದಾಗ ಬಂದ ಸಂಖ್ಯೆ ಇದು:

28,31,68,46,592

ಎರಡು ಸಾವಿರದ ಎಂಟುನೂರ ಮೂವತ್ತೊಂದು ಕೋಟಿ, ಅರವತ್ತೆಂಟು ಲಕ್ಷ, ನಲವತ್ತಾರು ಸಾವಿರದ ಐದುನೂರ ತೊಂಬತ್ತೆರಡು ಲೀಟರು!

ಇದನ್ನು 16ರಿಂದ ಭಾಗಿಸಿದಾಗ 176,98,02,912 ಕೊಡಗಳು ಬಂದವು. ಒಂದು ಹನಿಯೂ ಉಳಿಯಲಿಲ್ಲ. 15ರಿಂದ ಭಾಗಿಸಿದಾಗ 188,77,89,772 ಕೊಡಗಳು ತುಂಬಿ 12 ಲೀಟರು ಉಳಿಯಿತು. ಕೊನೆಯ ಕೊಡ ತುಂಬಲೇ ಇಲ್ಲ. ಅಜ್ಜನಿಗೆ ಉತ್ತರ ದೊರಕಿತು. ಆದರೆ ಹುಡುಗಿಗೆ ಹೊಸದೊಂದು ಪ್ರಶ್ನೆ ಹುಟ್ಟಿತು. ಹಿತ್ತಾಳೆಯ ಕೊಡಕ್ಕೆ ಈ ಸಂಖ್ಯೆ ಒಗ್ಗಿತು, ಪ್ಲಾಸ್ಟಿಕ್ಕಿನ ಕೊಡಕ್ಕೆ ಒಗ್ಗಲಿಲ್ಲ. ಏಕೆ?

ಈ ‘ಏಕೆ’ ಎಂಬಲ್ಲಿಯೇ ಸಂಖ್ಯಾಶಾಸ್ತ್ರದ ಬಾಗಿಲು ತೆರೆಯುತ್ತದೆ. ಲೆಕ್ಕ ಮಾಡುವುದು ಒಂದು ಕೆಲಸ. ಲೆಕ್ಕ ಹಾಗೆಯೇ ಏಕೆ ಆಗುತ್ತದೆಂದು ತಿಳಿಯುವುದು ಬೇರೊಂದು ಕೆಲಸ. ಮನೆ ದೊಡ್ಡದೆಂದು ಹೊರಗಿನಿಂದ ಬೆರಗಾಗಿ ನಿಂತವನಿಗೆ ಅದರ ಗುಟ್ಟು ತಿಳಿಯುವುದಿಲ್ಲ. ಯಾವ ಕಲ್ಲಿನಿಂದ ಕಟ್ಟಿದ್ದಾರೆಂದು ನೋಡಿದವನಿಗೆ ತಿಳಿಯುತ್ತದೆ. ಪೂರ್ಣಸಂಖ್ಯೆಗಳ ಮನೆಗೆ ಕಲ್ಲುಗಳೆಂದರೆ ಅವಿಭಾಜ್ಯ ಸಂಖ್ಯೆಗಳು. ಒಂದರಿಂದಲೂ ತನ್ನಿಂದಲೂ ಹೊರತು ಬೇರೆ ಯಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದ 2, 3, 5, 7, 11, 13 ಮುಂತಾದವು ಅವು. ಒಂದಕ್ಕಿಂತ ದೊಡ್ಡದಾದ ಯಾವ ಪೂರ್ಣಸಂಖ್ಯೆಯನ್ನು ತೆಗೆದುಕೊಂಡರೂ ಅದು ತಾನೇ ಅವಿಭಾಜ್ಯವಾಗಿರುತ್ತದೆ, ಇಲ್ಲವೆ ಅವಿಭಾಜ್ಯಗಳ ಗುಣಲಬ್ಧವಾಗಿರುತ್ತದೆ. ಕಲ್ಲುಗಳ ಕ್ರಮವನ್ನು ಬದಲಿಸಬಹುದೇ ಹೊರತು ಕಲ್ಲುಗಳನ್ನೇ ಬದಲಿಸಲಾಗದು. ಈ ತತ್ತ್ವದ ತಳಹದಿ ಗ್ರೀಸಿನ ಯೂಕ್ಲಿಡನ ಗ್ರಂಥದಲ್ಲಿಯೇ ಇದೆ; ಜರ್ಮನಿಯ ಗಣಿತಜ್ಞ ಗೌಸ್ 1801ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಇದನ್ನು ಸ್ಪಷ್ಟವಾಗಿ ನಿರೂಪಿಸಿ ಸಾಧಿಸಿದನು.

ಇಷ್ಟು ದೊಡ್ಡ ಸಂಖ್ಯೆಯನ್ನು ಬಿಡಿಸುವುದು ಕಷ್ಟವೆಂದು ತೋರಬಹುದು. ಆದರೆ ಅದು 3048ರ ಘನವಾದುದರಿಂದ 3048ನ್ನು ಬಿಡಿಸಿದರೆ ಸಾಕು. 3048 = 2 × 2 × 2 × 3 × 127. ಇವುಗಳಲ್ಲಿ 127 ಅವಿಭಾಜ್ಯವೆ? 2, 3, 5, 7, 11 ಇವುಗಳಿಂದ ಮಾತ್ರ ಪರೀಕ್ಷಿಸಿದರೆ ಸಾಕು; ಏಕೆಂದರೆ ಮುಂದಿನ ಅವಿಭಾಜ್ಯವಾದ 13ರ ವರ್ಗ 169, ಅದು 127ನ್ನು ಮೀರುತ್ತದೆ. ಐದರಲ್ಲಿ ಯಾವುದೂ 127ನ್ನು ಭಾಗಿಸುವುದಿಲ್ಲ. ಆದುದರಿಂದ 127 ಅವಿಭಾಜ್ಯ. ಘನದಲ್ಲಿ ಪ್ರತಿಯೊಂದು ಕಲ್ಲೂ ಮೂರು ಪಾಲು ಹೆಚ್ಚುತ್ತದೆ. ಹೀಗೆ ಒಂದು ಟಿಎಂಸಿಯ ಲೀಟರುಗಳ ಸಂಖ್ಯೆಯಲ್ಲಿ ಒಂಬತ್ತು 2ಗಳು, ಮೂರು 3ಗಳು, ಮೂರು 127ಗಳು ಇವೆ. ಅಷ್ಟೇ, ಬೇರೇನೂ ಇಲ್ಲ.

ಈಗ ಕೊಡಗಳ ಒಗಟು ತಾನಾಗಿಯೇ ಬಿಡಿಸಿಕೊಳ್ಳುತ್ತದೆ. 16 ಎಂದರೆ ನಾಲ್ಕು 2ಗಳ ಗುಣಲಬ್ಧ. ಸಂಖ್ಯೆಯಲ್ಲಿ ಒಂಬತ್ತು 2ಗಳಿರುವುದರಿಂದ ನಾಲ್ಕನ್ನು ಕೊಡಲು ಅದಕ್ಕೆ ಅಡ್ಡಿಯಿಲ್ಲ. 15 ಎಂದರೆ 3 × 5. ಮೂರು ಇದೆ, ಐದು ಇಲ್ಲ. ಇಲ್ಲದ ಕಲ್ಲನ್ನು ಎಲ್ಲಿಂದ ತರುವುದು? ಆದುದರಿಂದ 5ರ ಹಂಗಿರುವ ಯಾವ ಅಳತೆಯೂ, ಅದು ಐದು ಲೀಟರಿನ ಡಬ್ಬಿಯಿರಲಿ, ಹತ್ತು ಲೀಟರಿನ ಬಕೆಟ್ಟಿರಲಿ, ಈ ನೀರನ್ನು ಸರಿಯಾಗಿ ಅಳೆದು ಮುಗಿಸಲಾರದು.

ಈ ಸಂಖ್ಯೆಗೆ ಒಟ್ಟು ಎಷ್ಟು ಭಾಜಕಗಳಿವೆ ಎಂಬುದನ್ನೂ ಭಾಗಾಕಾರವಿಲ್ಲದೆಯೇ ಹೇಳಬಹುದು. ಭಾಜಕವೊಂದರಲ್ಲಿ 2 ಒಂದೂ ಇಲ್ಲದಿರಬಹುದು, ಒಂದಿರಬಹುದು, ಹೀಗೆ ಒಂಬತ್ತರವರೆಗೆ ಹತ್ತು ಬಗೆ. 3ಕ್ಕೆ ನಾಲ್ಕು ಬಗೆ, 127ಕ್ಕೆ ನಾಲ್ಕು ಬಗೆ. 10 × 4 × 4 = 160. ಎರಡು ಸಾವಿರದ ಎಂಟುನೂರು ಕೋಟಿಯನ್ನು ಮೀರಿದ ಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಗಳು ಕೇವಲ 160. ಒಂದನ್ನೂ ಬಿಡದೆ ಅವೆಲ್ಲವನ್ನೂ ಒಂದು ಹಾಳೆಯಲ್ಲಿ ಬರೆದಿಡಬಹುದು.

ಭಾಗವಾಗದಿದ್ದಾಗ ಉಳಿಯುವ ಶೇಷವನ್ನೂ ಸುಲಭವಾಗಿ ಕಾಣಬಹುದು. ಒಂದು ಟಿಎಂಸಿ ನೀರನ್ನು ಏಳು ಊರುಗಳಿಗೆ ಪೂರ್ಣ ಲೀಟರುಗಳಲ್ಲಿ ಸಮನಾಗಿ ಹಂಚಬೇಕಾಗಿದೆ ಎನ್ನೋಣ. ಹನ್ನೊಂದು ಅಂಕೆಗಳ ಸಂಖ್ಯೆಯನ್ನು 7ರಿಂದ ಭಾಗಿಸುವ ಶ್ರಮ ಬೇಡ. 3048ನ್ನು 7ರಿಂದ ಭಾಗಿಸಿದರೆ ಶೇಷ 3. ಆ 3ರ ಘನ 27. ಅದನ್ನು 7ರಿಂದ ಭಾಗಿಸಿದರೆ ಶೇಷ 6. ಅಷ್ಟೇ ಲೀಟರು ಹಂಚಿಕೆಯಲ್ಲಿ ಉಳಿಯುತ್ತದೆ. ಹನ್ನೊಂದು ಊರುಗಳಾದರೆ ಇನ್ನೂ ಸುಲಭ: 3048ನ್ನು 11ರಿಂದ ಭಾಗಿಸಿದಾಗ ಶೇಷ 1, 1ರ ಘನವೂ 1, ಉಳಿಯುವುದು ಒಂದೇ ಲೀಟರು. ದೊಡ್ಡದರ ಶೇಷವನ್ನು ಚಿಕ್ಕದರ ಶೇಷದಿಂದ ಅರಿಯುವ ಈ ವಿದ್ಯೆಯನ್ನು ಒಂದು ಶಾಸ್ತ್ರವಾಗಿ ಬೆಳೆಸಿದವನೂ ಗೌಸನೇ.

ಮರುದಿನ ಹುಡುಗಿ ಆ ಸಂಖ್ಯೆಯನ್ನು ಶಾಲೆಗೆ ಒಯ್ದಳು. ಅದು ಎಲ್ಲಿಂದ ಬಂದಿತೆಂದು ಹೇಳದೆ, “ಗುರುಗಳೇ, ಇದು ಒಂದು ಪೂರ್ಣ ಘನ. ಇದರ ಮೂಲ ಯಾವುದು?” ಎಂದು ಕೇಳಿದಳು. ಗಣಿತದ ಗುರುಗಳು ಸೀಮೆಸುಣ್ಣ ಕೈಗೆತ್ತಿಕೊಂಡು ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕೆಗಳಾಗಿ ಒಡೆದು ಬರೆದರು: 28 | 316 | 846 | 592.

“ನಾಲ್ಕು ಗುಂಪುಗಳಿವೆ, ಆದುದರಿಂದ ಮೂಲದಲ್ಲಿ ನಾಲ್ಕು ಅಂಕೆಗಳು. ಮೊದಲ ಗುಂಪು 28. ಅದು 3ರ ಘನವಾದ 27ಕ್ಕಿಂತ ದೊಡ್ಡದು, 4ರ ಘನವಾದ 64ಕ್ಕಿಂತ ಚಿಕ್ಕದು. ಮೊದಲ ಅಂಕೆ 3. ಆದರೆ 3100ರ ಘನ 29,79,10,00,000; ಅದು ಈ ಸಂಖ್ಯೆಯನ್ನು ಮೀರುತ್ತದೆ. ಆದ್ದರಿಂದ ಎರಡನೆಯ ಅಂಕೆ ಸೊನ್ನೆ. ಇನ್ನು ಕೊನೆಯ ಅಂಕೆ. ಒಂದಂಕೆಯ ಸಂಖ್ಯೆಗಳ ಘನಗಳಲ್ಲಿ 2ರಿಂದ ಮುಗಿಯುವುದು ಒಂದೇ: 8ರ ಘನ 512. ಹಾಗಾದರೆ ಮೂಲದ ಕೊನೆಯ ಅಂಕೆ 8.”

ಉಳಿದುದು ಹತ್ತರ ಸ್ಥಾನ ಒಂದೇ. ಗುರುಗಳು 08, 18, 28 ಎಂದು 98ರವರೆಗಿನ ಘನಗಳ ಕೊನೆಯ ಎರಡು ಅಂಕೆಗಳನ್ನು ಮಕ್ಕಳಿಂದ ಬರೆಸಿದರು. 92ರಿಂದ ಮುಗಿಯುವ ಘನಗಳು ಎರಡೇ ದೊರೆತವು: 48ರದು ಮತ್ತು 98ರದು. ಮೂಲ 3048 ಆಗಿರಬೇಕು, ಇಲ್ಲವೆ 3098 ಆಗಿರಬೇಕು. ಎರಡರಲ್ಲಿ ಯಾವುದು? ಗುರುಗಳು ದೊಡ್ಡ ಸಂಖ್ಯೆಯ ಅಂಕೆಗಳನ್ನು ಕೂಡಿಸಿದರು: 54. ಅದು 3ರಿಂದ ಭಾಗವಾಗುತ್ತದೆ. ಆದುದರಿಂದ ಸಂಖ್ಯೆಯೂ ಭಾಗವಾಗುತ್ತದೆ. 3 ಅವಿಭಾಜ್ಯವಾದುದರಿಂದ ಘನವನ್ನು ಭಾಗಿಸುವ ಅದು ಮೂಲವನ್ನೂ ಭಾಗಿಸಲೇಬೇಕು. 3098ರ ಅಂಕೆಗಳ ಮೊತ್ತ 20, 3048ರದು 15. ಉತ್ತರ 3048. ತರಗತಿ ಒಂದು ಕ್ಷಣ ಮೌನವಾಯಿತು. ಒಂದು ಸಲವೂ ದೊಡ್ಡ ಭಾಗಾಕಾರ ಮಾಡದೆ ಹನ್ನೊಂದು ಅಂಕೆಗಳ ಸಂಖ್ಯೆ ತನ್ನ ಬೇರನ್ನು ತೋರಿಸಿಕೊಟ್ಟಿತ್ತು.

ಇಂತಹ ವಿದ್ಯೆ ಈ ನಾಡಿಗೆ ಹೊಸದೇನೂ ಅಲ್ಲ. ಯಾವುದೇ ಸಂಖ್ಯೆಯ ಘನಮೂಲವನ್ನು ಕ್ರಮವಾಗಿ ತೆಗೆಯುವ ವಿಧಾನವನ್ನು ಆರ್ಯಭಟನು 499ರ ತನ್ನ ಗ್ರಂಥದಲ್ಲಿ ಹೇಳಿದ್ದಾನೆ. ಕನ್ನಡನಾಡನ್ನಾಳಿದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ರಚಿಸಿ ಘನ, ಘನಮೂಲಗಳನ್ನು ವಿಸ್ತಾರವಾಗಿ ವಿವರಿಸಿದನು. ಅದೇ ನೃಪತುಂಗನ ಆಸ್ಥಾನದ ‘ಕವಿರಾಜಮಾರ್ಗ’ವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸಿರುವ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ, ಅದು ಸಿಂಗಟಾಲೂರು ಇರುವ ಗದಗ ಜಿಲ್ಲೆಯಲ್ಲಿಯೇ ಇದೆ. ಮಹಾವೀರಾಚಾರ್ಯನಿಗೆ ದೊಡ್ಡ ಸಂಖ್ಯೆಗಳ ಚೆಲುವಿನಲ್ಲಿ ಬಹಳ ಆಸಕ್ತಿ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ, ಕೊರಳಹಾರದಂತಹ ಗುಣಲಬ್ಧಗಳನ್ನು ಅವನು ತೋರಿಸಿದ್ದಾನೆ. 27994681ನ್ನು 441ರಿಂದ ಗುಣಿಸಿದರೆ 12345654321 ಬರುತ್ತದೆ. ಇದು ಮಾಯೆಯಲ್ಲ. 441 ಎಂಬುದು 21ರ ವರ್ಗ; 27994681 ಎಂಬುದು 5291ರ ವರ್ಗ; 21 × 5291 = 111111. ಆರು ಒಂದುಗಳ ವರ್ಗವೇ ಆ ಹಾರ. ಇಲ್ಲಿಯೂ ಸಂಖ್ಯೆಯ ಸೊಬಗಿನ ಕಾರಣ ಅದರ ಅಪವರ್ತನಗಳಲ್ಲಿಯೇ ಅಡಗಿದೆ.

ಮತ್ತೆ ಟಿಎಂಸಿಯ ಸಂಖ್ಯೆಗೆ ಬರೋಣ. ಅದರ ಕಲ್ಲುಗಳಲ್ಲಿ 2 ಮತ್ತು 3 ಎಲ್ಲರಿಗೂ ಪರಿಚಿತವಾದವು. ಆದರೆ 127 ಎಂಬ ಈ ಅಪರೂಪದ ಅತಿಥಿ ನೀರಿನ ಲೆಕ್ಕದೊಳಗೆ ಹೇಗೆ ಸೇರಿತು? ಅಡಿಯಲ್ಲಿ 12 ಅಂಗುಲಗಳಿವೆ. ಸಂಖ್ಯೆಯಲ್ಲಿರುವ 3 ಬಂದುದು ಆ ಹನ್ನೆರಡರಿಂದ. ಒಂದು ಅಂಗುಲಕ್ಕೆ 25.4 ಮಿಲಿಮೀಟರು, 254 ಎಂದರೆ 2 × 127. ಹೀಗೆ ಅಂಗುಲದ ಬೆನ್ನೇರಿ 127 ಒಳಗೆ ಬಂದಿತು. ಅಂಗುಲಕ್ಕೆ ಸರಿಯಾಗಿ 25.4 ಮಿಲಿಮೀಟರು ಎಂಬುದು ಪ್ರಕೃತಿಯ ನಿಯಮವಲ್ಲ. ಮೊದಲು ಬ್ರಿಟನ್ನಿನ ಅಂಗುಲಕ್ಕೂ ಅಮೆರಿಕದ ಅಂಗುಲಕ್ಕೂ ಅತ್ಯಲ್ಪವಾದ ವ್ಯತ್ಯಾಸವಿತ್ತು. 1959ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮತ್ತು ದಕ್ಷಿಣ ಆಫ್ರಿಕಗಳು ಒಪ್ಪಂದ ಮಾಡಿಕೊಂಡು ಈ ಅಳತೆಯನ್ನು ನಿಶ್ಚಯಿಸಿದವು. ಲೀಟರಿನ ಕಥೆಯೂ ಹಾಗೆಯೇ. 1964ರಲ್ಲಿ ಅದನ್ನು ಒಂದು ಘನ ಡೆಸಿಮೀಟರು ಎಂದು ನಿಗದಿಗೊಳಿಸಲಾಯಿತು; ಅದಕ್ಕೆ ಮುಂಚೆ ಅದು ಒಂದು ಕಿಲೋಗ್ರಾಂ ನೀರು ಹಿಡಿಯುವ ಅವಕಾಶವಾಗಿತ್ತು, ಘನ ಡೆಸಿಮೀಟರಿಗಿಂತ ಕೂದಲೆಳೆಯಷ್ಟು ಹೆಚ್ಚು. ಈ ಎರಡು ನಿರ್ಧಾರಗಳಾಗದಿದ್ದರೆ ಒಂದು ಟಿಎಂಸಿಯ ಲೀಟರುಗಳು ಪೂರ್ಣಸಂಖ್ಯೆಯಾಗಿ ನಿಲ್ಲುತ್ತಲೇ ಇರಲಿಲ್ಲ. ಯಾವ ಸಂಖ್ಯೆ ಎಂಬುದನ್ನು ಮನುಷ್ಯರು ಗೊತ್ತುಮಾಡಿದರು. ಆದರೆ ಒಮ್ಮೆ ಗೊತ್ತಾದ ಮೇಲೆ ಅದಕ್ಕೆ 160 ಭಾಜಕಗಳೇ ಇರಬೇಕು, 5ರಿಂದ ಅದು ಭಾಗವಾಗಬಾರದು ಎಂಬುದನ್ನು ಯಾವ ಒಪ್ಪಂದವೂ ಬದಲಿಸಲಾರದು.

127 ಸಾಮಾನ್ಯ ಅವಿಭಾಜ್ಯವೂ ಅಲ್ಲ. ಏಳು 2ಗಳನ್ನು ಗುಣಿಸಿ ಬಂದ 128ರಲ್ಲಿ ಒಂದನ್ನು ಕಳೆದರೆ 127. ಈ ರೀತಿಯ ಅವಿಭಾಜ್ಯಗಳಿಗೆ ಹದಿನೇಳನೆಯ ಶತಮಾನದ ಫ್ರೆಂಚ್ ವಿದ್ವಾಂಸ ಮರ್ಸೆನ್‌ನ ಹೆಸರಿದೆ. 3, 7, 31, 127 ಈ ಮನೆತನದ ಮೊದಲ ನಾಲ್ವರು. 2024ರ ಅಕ್ಟೋಬರಿನಲ್ಲಿ ಪ್ರಕಟವಾದ, ಅದುವರೆಗೆ ತಿಳಿದಿದ್ದ ಅವಿಭಾಜ್ಯಗಳಲ್ಲೆಲ್ಲ ದೊಡ್ಡದಾದ ಸಂಖ್ಯೆಯೂ ಇದೇ ಮನೆತನದ್ದು. 13,62,79,841 ಎರಡುಗಳನ್ನು ಗುಣಿಸಿ ಒಂದನ್ನು ಕಳೆದಾಗ ಬರುವ ಅದರಲ್ಲಿ 4,10,24,320 ಅಂಕೆಗಳಿವೆ. ಮರ್ಸೆನ್ ಅವಿಭಾಜ್ಯವಿರುವಲ್ಲಿ ಪರಿಪೂರ್ಣ ಸಂಖ್ಯೆಯೂ ಇರುತ್ತದೆ. ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತಕ್ಕೆ ಸಮನಾದುದೇ ಪರಿಪೂರ್ಣ ಸಂಖ್ಯೆ. 6ಕ್ಕೆ 1, 2, 3 ಇದ್ದಂತೆ. 127ನ್ನು ಆರು 2ಗಳಿಂದ, ಅಂದರೆ 64ರಿಂದ ಗುಣಿಸಿದಾಗ ಬರುವ 8128, ಪ್ರಾಚೀನ ಗ್ರೀಕರಿಗೂ ತಿಳಿದಿದ್ದ ನಾಲ್ಕನೆಯ ಪರಿಪೂರ್ಣ ಸಂಖ್ಯೆ. ಟಿಎಂಸಿಯ ಸಂಖ್ಯೆಯಲ್ಲಿ ಒಂಬತ್ತು 2ಗಳೂ ಮೂರು 127ಗಳೂ ಇರುವುದರಿಂದ 8128 ಅದನ್ನು ನಿಶ್ಶೇಷವಾಗಿ ಭಾಗಿಸುತ್ತದೆ. ಭಾಗಲಬ್ಧ 34,83,864.

ಆ ಸಂಜೆ ಹುಡುಗಿ ಇದನ್ನೆಲ್ಲ ಅಜ್ಜನಿಗೆ ಹೇಳಿದಳು. 127ರ ಮಾತು ಅಜ್ಜನಿಗೆ ಎಷ್ಟು ತಿಳಿಯಿತೋ! ಆದರೆ ಅವನು ತಾಳ್ಮೆಯಿಂದ ಕೇಳಿ, ತನ್ನದೇ ಆದ ಪ್ರಶ್ನೆಯೊಂದನ್ನು ಕೇಳಿದನು.

“ಎಲ್ಲಾ ಬರೋಬರಿ ಐತೆವ್ವಾ. ಹೊಸಪೇಟಿ ಡ್ಯಾಮಿನ್ಯಾಗ ಮೊದಲು ಎಷ್ಟು ಟಿಎಂಸಿ ಹಿಡೀತಿತ್ತು, ಈಗ ಎಷ್ಟು ಹಿಡೀತೈತಿ?”

ಹುಡುಗಿ ಶಾಲೆಯ ಗ್ರಂಥಾಲಯದಲ್ಲಿ ಹುಡುಕಿ ತಿಳಿದುಕೊಂಡಳು. ನದಿಯ ಕೆಳಭಾಗದಲ್ಲಿ, ಹೊಸಪೇಟೆಯ ಬಳಿ 1953ರಲ್ಲಿ ನೀರು ತುಂಬಿಕೊಂಡ ತುಂಗಭದ್ರಾ ಜಲಾಶಯದ ಮೂಲ ಸಾಮರ್ಥ್ಯ 132.47 ಟಿಎಂಸಿ. ಹೊಳೆ ವರ್ಷವರ್ಷವೂ ಹೊತ್ತು ತಂದ ಹೂಳು ಅದರ ತಳದಲ್ಲಿ ಕುಳಿತು, 2016ರ ಸಮೀಕ್ಷೆಯ ವೇಳೆಗೆ ಸಾಮರ್ಥ್ಯ 105.788 ಟಿಎಂಸಿಗೆ ಇಳಿದಿತ್ತು. ವ್ಯತ್ಯಾಸ ಇಪ್ಪತ್ತಾರೂವರೆ ಟಿಎಂಸಿಗೂ ಮಿಗಿಲು. ಅವಳು ಅದನ್ನು ಅಜ್ಜನ ಹಿತ್ತಾಳೆಯ ಕೊಡಕ್ಕೆ ಇಳಿಸಿದಳು. ನಾಲ್ಕು ಸಾವಿರದ ಏಳುನೂರು ಕೋಟಿ ಕೊಡಗಳಿಗೂ ಹೆಚ್ಚು ನೀರಿನ ಜಾಗವನ್ನು ಮಣ್ಣು ಆಕ್ರಮಿಸಿತ್ತು.

ಅಜ್ಜ ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, “ಕೊಡದ ಲೆಕ್ಕಾ ಮಾಡಿದ್ದು ಚಲೋ ಆತು, ಯವ್ವಾ. ಟಿಎಂಸಿ ಅಂದಿದ್ರ ನನಗ ಇದು ತಿಳೀತಿದ್ದಿಲ್ಲ” ಎಂದನು.

ಸಂಖ್ಯೆ ನಿಖರವಾದುದು, ನೀರು ಹಾಗಲ್ಲ. ಆವಿಯಾಗಿ ಹೋಗುವ ನೀರನ್ನಾಗಲಿ, ಕಾಲುವೆಯಲ್ಲಿ ಇಂಗುವ ನೀರನ್ನಾಗಲಿ ಲೀಟರಿನ ಲೆಕ್ಕದಲ್ಲಿ ಅಳೆಯುವವರು ಯಾರೂ ಇಲ್ಲ. ಟಿಎಂಸಿಯ ಕೊನೆಯಲ್ಲಿರುವ 592 ಲೀಟರನ್ನು ಯಾವ ಜಲಾಶಯವೂ ಎಣಿಸಿ ಕೊಡಲಾರದು. ಹೀಗಿದ್ದರೂ ಸಂಖ್ಯೆಯನ್ನು ಬಿಡಿಸಿ ತಿಳಿಯುವ ಶ್ರಮ ವ್ಯರ್ಥವಲ್ಲ. ಬಿಡಿಸಿ ನೋಡದವನಿಗೆ ದೊಡ್ಡ ಸಂಖ್ಯೆ ಕೇವಲ ಒಂದು ಸದ್ದು. ಯಾರು ಏನು ಹೇಳಿದರೂ ಅವನು ತಲೆಯಾಡಿಸಬೇಕಾಗುತ್ತದೆ. ಬಿಡಿಸಿ ನೋಡಿದವನು ಅದನ್ನು ತನ್ನ ಮನೆಯ ಕೊಡಕ್ಕೆ ಇಳಿಸಿ, ಎಷ್ಟು ಇತ್ತು, ಎಷ್ಟು ಇದೆ, ಉಳಿದುದು ಎಲ್ಲಿಗೆ ಹೋಯಿತು ಎಂದು ಕೇಳಬಲ್ಲನು. ಒಂದು ನದಿಯ ನೀರನ್ನು ಹಂಚಿಕೊಂಡು ಬಾಳಬೇಕಾದ ಜನರಿಗೆ ಹೀಗೆ ಕೇಳಬಲ್ಲವರು ಬೇಕು.

ಅಭ್ಯಾಸ

1. ಒಂದು ಟಿಎಂಸಿ ನೀರನ್ನು 15 ಲೀಟರಿನ ಕೊಡಗಳಲ್ಲಿ ತುಂಬಿದಾಗ ಕೊನೆಯ ಕೊಡ ತುಂಬಲಿಲ್ಲವೇಕೆ?
2. ಒಂದು ಟಿಎಂಸಿಯ ಲೀಟರುಗಳನ್ನು ಹದಿಮೂರು ಊರುಗಳಿಗೆ ಸಮನಾಗಿ ಹಂಚಿದರೆ ಎಷ್ಟು ಲೀಟರು ಉಳಿಯುತ್ತದೆ? ದೊಡ್ಡ ಭಾಗಾಕಾರವಿಲ್ಲದೆ ಕಂಡುಹಿಡಿಯಿರಿ.
3. 8128 ಪರಿಪೂರ್ಣ ಸಂಖ್ಯೆ ಎಂಬುದನ್ನು ಅದರ ಭಾಜಕಗಳನ್ನು ಬರೆದು ತೋರಿಸಿರಿ.
4. ‘ಯಾವ ಸಂಖ್ಯೆ ಎಂಬುದನ್ನು ಮನುಷ್ಯರು ಗೊತ್ತುಮಾಡಿದರು’ ಎಂಬ ಮಾತನ್ನು ಪಾಠದ ಆಧಾರದಿಂದ ವಿವರಿಸಿರಿ.
5. ಅಜ್ಜನ ಎರಡನೆಯ ಪ್ರಶ್ನೆ ಮೊದಲನೆಯದಕ್ಕಿಂತ ಹೇಗೆ ಭಿನ್ನವಾದುದು? ನಿಮ್ಮ ಮಾತುಗಳಲ್ಲಿ ಬರೆಯಿರಿ.